ಪ್ರಮಾಣಪತ್ರದ ಬೆಲೆ

ಲೆಕ್ಕಪತ್ರದ ತಂತ್ರಾಂಶವನ್ನು ಲಿನಕ್ಸ್ ಸರ್ವರ್‌ಗೆ ಹಾಕುವ ಮುನ್ನ ತಯಾರಕರ ಪ್ರಮಾಣೀಕರಣ ಪಟ್ಟಿ ನೋಡಿಕೊಳ್ಳಿ. ಒರಾಕಲ್ ಡೇಟಾಬೇಸ್‌ನ ಪಟ್ಟಿಯಲ್ಲಿ ರೆಡ್ ಹ್ಯಾಟ್, ಸೂಸೆ ಇದ್ದವು, ಸೆಂಟ್‌ಓಎಸ್ ಇರಲಿಲ್ಲ. ರೆಡ್ ಹ್ಯಾಟ್‌ನ ಮೂಲಸಂಕೇತದಿಂದಲೇ ಹುಟ್ಟಿದ್ದಲ್ಲವೇ, ಓಡುವುದಿಲ್ಲವೇ ಎಂದು ಕೇಳಬಹುದು. ಓಡುತ್ತದೆ, ಸೊಗಸಾಗಿಯೇ. ಆದರೆ ವರ್ಷಾಂತ್ಯದ ಲೆಕ್ಕ ಮುಗಿಸುವ ರಾತ್ರಿ ಅದು ಕೈಕೊಟ್ಟರೆ ಹೊಣೆ ಹೊರುವವರು ಯಾರು? ನೀವು ದುಡ್ಡು ಕೊಡುವುದು ಆ ಹೊಣೆಗೆ. 2029ರವರೆಗೆ ಬಾಳಬೇಕಿದ್ದ ಸೆಂಟ್‌ಓಎಸ್ 8, 2021ರ ಡಿಸೆಂಬರ್‌ಗೇ ಕಣ್ಣುಮುಚ್ಚಿತು; ನಮ್ಮ ಕಂಪನಿ ಕಾಯ್ದೆಯೋ ಲೆಕ್ಕಪುಸ್ತಕಗಳನ್ನು 8 ವರ್ಷ ಕಾಪಾಡಿ ಎನ್ನುತ್ತದೆ.

ಹಾಗೆಂದು ಸಣ್ಣ ವ್ಯಾಪಾರಕ್ಕೂ ದುಬಾರಿ ಚಂದಾ ಬೇಕೆಂದಲ್ಲ. ಇಆರ್‌ಪಿನೆಕ್ಸ್ಟ್‌ನಂಥ ಮುಕ್ತ ತಂತ್ರಾಂಶ ಉಬುಂಟು ಮೇಲೆ ಚೆನ್ನಾಗಿ ನಡೆಯುತ್ತದೆ, ಕರೆದರೆ ಬರುವ ಬಲ್ಲವರೊಬ್ಬರು ಇದ್ದರೆ. ಬ್ಯಾಕಪ್ಪನ್ನಂತೂ ಯಾವ ಪ್ರಮಾಣಪತ್ರವೂ ತೆಗೆದಿಡದು. ತೆಗೆದಿಟ್ಟದ್ದು ಮರಳಿ ತೆರೆದುಕೊಳ್ಳುತ್ತದೆಯೇ ಎಂದು ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ಪರೀಕ್ಷಿಸಿ.