ಬೇಟೆನಾಯಿಯ ಮೂಗು

ತರಗತಿಯಲ್ಲಿ ಅನಿಲಗಳ ವಿಸರಣವನ್ನು ಕುರಿತು ಪಾಠ ಹೇಳುತ್ತಿದ್ದಾಗ, ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಣ ಒಂದು ಹಳ್ಳಿಯಿಂದ ಬರುವ ವಿದ್ಯಾರ್ಥಿಯೊಬ್ಬನು ಎದ್ದುನಿಂತು ಒಂದು ಪ್ರಶ್ನೆಯನ್ನು ಕೇಳಿದನು. ಅವನ ಅಜ್ಜನವರು ಪ್ರಾಯದಲ್ಲಿ, ಬೇಟೆಗೆ ಇನ್ನೂ ನಿಷೇಧವಿಲ್ಲದಿದ್ದ ಕಾಲದಲ್ಲಿ, ಕೋವಿ ಹಿಡಿದು ನಾಯಿಯೊಡನೆ ಗದ್ದೆಯಂಚು, ಕುರುಚಲುಕಾಡುಗಳನ್ನು ಸುತ್ತಿದವರಂತೆ. ಅವರು ಮೊಮ್ಮಗನಿಗೆ ಮೂರು ಮಾತುಗಳನ್ನು ಹೇಳಿದ್ದರು. ನಾಯಿಯನ್ನು ಯಾವಾಗಲೂ ಗಾಳಿಗೆ ಎದುರಾಗಿ ಬಿಡಬೇಕು ಎಂಬುದು ಮೊದಲನೆಯದು. ಇಬ್ಬನಿ ಆರುವುದರೊಳಗೆ ಕೆಲಸ ಮುಗಿಯಬೇಕು, ನಡುಹಗಲಿನಲ್ಲಿ ನಾಯಿಗೆ ಮೂಗಿಲ್ಲ ಎಂಬುದು ಎರಡನೆಯದು. ಪಳಗಿದ ನಾಯಿ ಹೆಜ್ಜೆಯ ಜಾಡನ್ನು ಹಿಂದುಮುಂದಾಗಿ ಹಿಡಿಯುವುದಿಲ್ಲ ಎಂಬುದು ಮೂರನೆಯದು. “ಸರ್, ಇವೆಲ್ಲ ಬರಿಯ ನಂಬಿಕೆಗಳೋ, ಇವುಗಳಲ್ಲಿ ಭೌತವಿಜ್ಞಾನವೇನಾದರೂ ಇದೆಯೋ?” ಎಂದು ಅವನ ಪ್ರಶ್ನೆ.

ಪ್ರಶ್ನೆ ಸೊಗಸಾದುದು. ಅದಕ್ಕೆ ಉತ್ತರವನ್ನು ಇಲ್ಲಿ ಹಂತ ಹಂತವಾಗಿ ವಿಚಾರಿಸೋಣ.

ಎರಡು ಬಗೆಯ ಬೇಟೆನಾಯಿಗಳು

ಬೇಟೆನಾಯಿಗಳಲ್ಲಿ ಕಣ್ಣನ್ನು ನೆಚ್ಚಿದವು, ಮೂಗನ್ನು ನೆಚ್ಚಿದವು ಎಂದು ಎರಡು ಬಗೆ. ಮೊದಲನೆಯ ಬಗೆಗೆ ನಮ್ಮ ನಾಡಿನ ಮುಧೋಳ ನಾಯಿಯೇ ಉತ್ತಮ ನಿದರ್ಶನ. 2005ರಲ್ಲಿ ಭಾರತದ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ನೀಳವಾದ ಕಾಲು, ಆಳವಾದ ಎದೆ, ಸಣ್ಣ ನಡು ಇವು ಬಯಲಿನಲ್ಲಿ ಓಡುವ ಮೊಲವನ್ನು ಕಂಡು ಅಟ್ಟುವುದಕ್ಕೆ ಹೇಳಿಸಿದ ಅಂಗಗಳು.

ಮಲೆನಾಡಿನಲ್ಲಾದರೋ ಬಯಲಿಲ್ಲ, ಹಳುವಿದೆ. ಹತ್ತು ಮಾರು ದೂರದ ಪ್ರಾಣಿಯೂ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಮೂಗೇ ಕಣ್ಣು. ಹಿಂದಿನ ಬೇಟೆಯಲ್ಲಿ ಕೆಲವರು ನಾಯಿಗಳೊಡನೆ ಹಳು ನುಗ್ಗುತ್ತಿದ್ದರು. ಕೋವಿಯವರು ಪ್ರಾಣಿ ಹಾಯುವ ಕಡೆ ಕಾದಿರುತ್ತಿದ್ದರು. ಪಾಶ್ಚಾತ್ಯರು ಈ ಕೆಲಸವನ್ನೇ ಹಂಚಿ, ಒಂದೊಂದು ತಳಿಗೆ ಒಂದೊಂದು ಪಾತ್ರವನ್ನು ಒಪ್ಪಿಸಿದರು. ಪಾಯಿಂಟರ್ ನಾಯಿಯು ಹಕ್ಕಿಯ ವಾಸನೆ ಸಿಕ್ಕೊಡನೆ ಅದರತ್ತ ಮುಖಮಾಡಿ ಕಲ್ಲಿನಂತೆ ನಿಲ್ಲುತ್ತದೆ. ಸ್ಪ್ಯಾನಿಯಲ್ ಪೊದೆಗೆ ನುಗ್ಗಿ ಅಡಗಿದ್ದನ್ನು ಎಬ್ಬಿಸುತ್ತದೆ. ರಿಟ್ರೀವರ್, ಈಡು ತಗುಲಿ ಬಿದ್ದುದನ್ನು ಹಲ್ಲು ನಾಟದಂತೆ ಕಚ್ಚಿ ತಂದೊಪ್ಪಿಸುತ್ತದೆ. ಕುವೆಂಪು ಅವರ ನಾಯಿಗುತ್ತಿಯ ‘ಹುಲಿಯ’ನನ್ನೂ, ಪೂರ್ಣಚಂದ್ರ ತೇಜಸ್ವಿಯವರ ‘ಕಿವಿ’ ಎಂಬ ಸ್ಪ್ಯಾನಿಯಲ್ ನಾಯಿಯನ್ನೂ ಅರಿತ ಕನ್ನಡ ಓದುಗರಿಗೆ ಈ ಪ್ರಾಣಿಗಳ ಸ್ವಭಾವ ಹೊಸದಲ್ಲ.

ವಾಸನೆ ಹರಡುವ ಬಗೆ

ಈಗ ಅಜ್ಜನವರ ಮೊದಲನೆಯ ಮಾತನ್ನು ನೋಡೋಣ. ಪೊದೆಯಲ್ಲಿ ಮೊಲವೊಂದು ಅಡಗಿದೆ. ಅದರ ಮೈಯಿಂದ ವಾಸನೆಯ ಅಣುಗಳು ಸದಾ ಹೊರಬೀಳುತ್ತಿವೆ. ಗಾಳಿಯು ಸ್ವಲ್ಪವೂ ಅಲುಗದಿದ್ದರೆ ಅವು ವಿಸರಣದಿಂದ ಮಾತ್ರ ಹರಡಬೇಕು. ವಿಸರಣದಲ್ಲಿ x ದೂರವನ್ನು ಕ್ರಮಿಸಲು ಬೇಕಾಗುವ ಕಾಲವು ಸುಮಾರು x²/2D. ಇಲ್ಲಿ D ಎಂಬುದು ವಿಸರಣಾಂಕ. ಗಾಳಿಯಲ್ಲಿ ವಾಸನೆಯ ಅಣುಗಳಿಗೆ ಅದು ಹೆಚ್ಚೆಂದರೆ ಸೆಕೆಂಡಿಗೆ 0.1 ಚದರ ಸೆಂಟಿಮೀಟರಿನ ಆಸುಪಾಸು. ಒಂದು ಮೀಟರ್, ಎಂದರೆ 100 ಸೆಂ.ಮೀ., ದೂರಕ್ಕೆ 10,000 ÷ 0.2 = 50,000 ಸೆಕೆಂಡು, ಸುಮಾರು 14 ಗಂಟೆ! ದೂರವು ಹತ್ತರಷ್ಟಾದರೆ ಕಾಲವು ನೂರರಷ್ಟಾಗುವುದರಿಂದ, 10 ಮೀಟರಿಗೆ ಸುಮಾರು 58 ದಿನಗಳು ಬೇಕು. ವಿಸರಣವನ್ನೇ ನಂಬಿ ಕುಳಿತ ನಾಯಿ ಉಪವಾಸ ಬೀಳುವುದು ಖಂಡಿತ.

ಆದರೆ ಸೆಕೆಂಡಿಗೆ ಒಂದೇ ಮೀಟರಿನಂತೆ ಬೀಸುವ ಮಂದಮಾರುತವೂ ಅದೇ ಅಣುಗಳನ್ನು 10 ಸೆಕೆಂಡುಗಳಲ್ಲಿ 10 ಮೀಟರ್ ಒಯ್ಯುತ್ತದೆ. ಆದುದರಿಂದ ವಾಸನೆಯ ವಾಹನ ಗಾಳಿಯೇ. ಗಾಳಿಯ ಕೆಳಮಗ್ಗುಲಿನಲ್ಲಿರುವ ನಾಯಿಗೆ ಮಾತ್ರ ಮೊಲದ ಸುಳಿವು ಸಿಗುತ್ತದೆ. ನಾಯಿಯ ಮತ್ತು ಮನುಷ್ಯನ ವಾಸನೆ ಮೊಲಕ್ಕೆ ಸಿಗುವುದೂ ಇಲ್ಲ. ಮೊದಲನೆಯ ಮಾತು ಗೆದ್ದಿತು.

ಇನ್ನೊಂದು ಅಂಶವುಂಟು. ಗಾಳಿಯಲ್ಲಿ ವಾಸನೆಯು ಬಣ್ಣ ಬಳಿದಂತೆ ಸಮವಾಗಿ ಹರಡುವುದಿಲ್ಲ. ಊದುಬತ್ತಿಯ ಹೊಗೆಯನ್ನು ನೋಡಿರಿ. ಮೊದಲು ನೇರವಾಗಿ ಏರಿ, ಅನಂತರ ಸುರುಳಿ ಸುರುಳಿಯಾಗಿ ಹರಿದು, ಎಳೆಎಳೆಯಾಗಿ ಚದರುತ್ತದೆ. ಇದು ಪ್ರಕ್ಷುಬ್ಧ ಪ್ರವಾಹ. ವಾಸನೆಯೂ ಹೀಗೆಯೇ ಎಳೆಗಳಾಗಿ ತೇಲುತ್ತದೆ. ಎಳೆಗಳ ನಡುವೆ ಬರಿಯ ಗಾಳಿ. ಎಳೆ ತಪ್ಪಿದ ನಾಯಿಯು ಎಡಕ್ಕೂ ಬಲಕ್ಕೂ ಅಡ್ಡಾಡುತ್ತ ಗಾಳಿಗೆದುರಾಗಿ ಮುನ್ನಡೆಯುತ್ತದೆ. ಎಳೆ ಮತ್ತೆ ಸಿಕ್ಕೊಡನೆ ನೇರವಾಗುತ್ತದೆ. ನೋಡುವವರಿಗೆ ಇದು ಗೊತ್ತುಗುರಿಯಿಲ್ಲದ ಅಲೆದಾಟವಾಗಿ ತೋರಬಹುದು. ವಾಸ್ತವವಾಗಿ ಇದೊಂದು ಉತ್ತಮವಾದ ಹುಡುಕಾಟದ ಕ್ರಮ.

ಇಬ್ಬನಿಯ ಹೊತ್ತು

ಎರಡನೆಯ ಮಾತಿಗೆ ಬರೋಣ. ಚಳಿಗಾಲದ ಮುಂಜಾನೆ ತುಂಗಾ ಭದ್ರಾ ನದಿಗಳ ದಡದ ಹಳ್ಳಿಗಳಲ್ಲಿ ಒಲೆಯ ಹೊಗೆಯು ಮೇಲೇರದೆ, ಮನೆಯ ಮಾಡಿನ ಎತ್ತರದಲ್ಲಿಯೇ ಚಾದರದಂತೆ ಹರಡಿ ನಿಲ್ಲುವುದನ್ನು ನೀವು ಕಂಡಿರಬಹುದು. ರಾತ್ರಿಯೆಲ್ಲ ನೆಲವು ತನ್ನ ಶಾಖವನ್ನು ವಿಕಿರಣದಿಂದ ಕಳೆದುಕೊಂಡು ತಣ್ಣಗಾಗಿ, ತನಗೆ ತಾಗಿದ ಗಾಳಿಯನ್ನೂ ತಣ್ಣಗಾಗಿಸುತ್ತದೆ. ತಣ್ಣನೆಯ ಗಾಳಿ ಭಾರವಾದುದು. ಅದು ಕೆಳಗೆ, ಬೆಚ್ಚನೆಯ ಗಾಳಿ ಮೇಲೆ. ಈ ಏರ್ಪಾಡು ಸ್ಥಿರವಾದುದರಿಂದ ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಬೆರೆಯುವುದು ಕಡಮೆ. ಹೊಗೆಯಂತೆಯೇ ವಾಸನೆಯೂ ನೆಲಕ್ಕಂಟಿ, ನಾಯಿಯ ಮೂಗಿನ ಮಟ್ಟದಲ್ಲಿಯೇ ಉಳಿಯುತ್ತದೆ.

ಬಿಸಿಲೇರಿದೊಡನೆ ಇದೆಲ್ಲ ತಲೆಕೆಳಗಾಗುತ್ತದೆ. ಕಾದ ನೆಲದಿಂದ ಗಾಳಿಯು ಮೇಲೆದ್ದು ವಾಸನೆಯನ್ನು ಆಕಾಶಕ್ಕೆ ಚದರಿಸುತ್ತದೆ. ಜಾಡಿನಲ್ಲಿ ಉಳಿದಿದ್ದ ಪದಾರ್ಥವೂ ತಾಪ ಹೆಚ್ಚಿದಷ್ಟೂ ಬೇಗ ಆವಿಯಾಗಿ ತೀರಿಹೋಗುತ್ತದೆ. ಇದರ ಮೇಲೆ ನಾಯಿಯದೇ ಒಂದು ತೊಡಕು. ನಮ್ಮಂತೆ ಮೈಯೆಲ್ಲ ಬೆವರಿ ತಣಿಯುವ ಶಕ್ತಿ ನಾಯಿಗಿಲ್ಲ. ಅದು ನಾಲಗೆ ಚಾಚಿ ತೇಕಬೇಕು. ತೇಕುವಾಗ ಬೇಕಾದಂತೆ ಮೂಸುವುದು ಸಾಧ್ಯವಿಲ್ಲ. ಇಸ್ರೇಲಿನ ಗಾಜಿಟ್ ಮತ್ತು ಟೆರ್ಕೆಲ್ ಎಂಬ ವಿಜ್ಞಾನಿಗಳು ಸ್ಫೋಟಕಗಳನ್ನು ಪತ್ತೆಹಚ್ಚುವ ನಾಯಿಗಳನ್ನು ಪರೀಕ್ಷಿಸಿ, ತೇಕುವಿಕೆ ಹೆಚ್ಚಿದಂತೆ ಪತ್ತೆಯ ಸಾಮರ್ಥ್ಯವು ಕುಗ್ಗುತ್ತದೆಂದು 2003ರಲ್ಲಿ ಪ್ರಕಟಿಸಿದರು. “ನಡುಹಗಲಿನಲ್ಲಿ ನಾಯಿಗೆ ಮೂಗಿಲ್ಲ” ಎಂಬ ಮಾತು ಎಷ್ಟು ನಿಜ!

ಮೂಗಿನ ರಚನೆ

ಇಷ್ಟು ಕೆಲಸ ಮಾಡುವ ಮೂಗಿನ ಒಳಗು ಹೇಗಿದೆ? ಮನುಷ್ಯನ ಮೂಗಿನಲ್ಲಿ ಕೆಲವೇ ದಶಲಕ್ಷಗಳಷ್ಟು ಘ್ರಾಣಕೋಶಗಳಿದ್ದರೆ, ನಾಯಿಯ ಮೂಗಿನಲ್ಲಿ ಅವು ಹತ್ತು ಕೋಟಿಯನ್ನೂ ಮೀರುತ್ತವೆ. ಆದರೆ ಎಣಿಕೆಯೊಂದೇ ಗುಟ್ಟಲ್ಲ. ಗಾಳಿಯ ಹರಿವಿನಲ್ಲಿಯೂ ಒಂದು ಗುಟ್ಟಿದೆ. ಅಮೆರಿಕದ ಕ್ರೇವನ್, ಪ್ಯಾಟರ್ಸನ್ ಮತ್ತು ಸೆಟಲ್ಸ್ ಎಂಬವರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಯಿಯು ಮೂಸಿದಾಗ ಒಳಬಂದ ಗಾಳಿಯು ಕವಲಾಗಿ ಒಡೆಯುತ್ತದೆ. ಹೆಚ್ಚಿನ ಪಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಸುಮಾರು ಎಂಟನೆಯ ಒಂದು ಪಾಲು ಮಾತ್ರ ಪ್ರತ್ಯೇಕ ದಾರಿಯಿಂದ ಮೂಗಿನ ಹಿಂಬದಿಯ ಘ್ರಾಣಕೋಣೆಗೆ ಹರಿಯುತ್ತದೆ. ಉಸಿರು ಹೊರಬಿಡುವಾಗ ಈ ಕೋಣೆಯ ಗಾಳಿಯನ್ನು ಕದಡುವ ಪ್ರವಾಹವಿರುವುದಿಲ್ಲ. ವಾಸನೆಯ ಅಣುಗಳು ಅಲ್ಲಿ ನಿಂತು ಶ್ಲೇಷ್ಮದಲ್ಲಿ ಕರಗಲು ಅವಕಾಶ ದೊರೆಯುತ್ತದೆ.

ಹೊರಬಿಡುವ ಉಸಿರಿಗೂ ಒಂದು ಉಪಾಯವಿದೆ. ನಾಯಿಯ ಹೊಳ್ಳೆಯ ಪಕ್ಕದಲ್ಲಿ ಒಂದು ಸೀಳಿರುವುದನ್ನು ಗಮನಿಸಿರಿ. ಉಸಿರು ಈ ಸೀಳಿನಿಂದ ಹಿಂದಕ್ಕೂ ಪಕ್ಕಕ್ಕೂ ಚಿಮ್ಮುತ್ತದೆ. ಆದಕಾರಣ ಮುಂದಿರುವ ವಾಸನೆಯನ್ನು ಅದು ಊದಿ ಚದರಿಸುವುದಿಲ್ಲ. ಹೀಗೆ ಸೆಕೆಂಡಿಗೆ ಸುಮಾರು ಐದಾರು ಬಾರಿ ಮೂಸುವುದು ನಡೆಯುತ್ತಲೇ ಇರುತ್ತದೆ.

ಇದಕ್ಕಿಂತಲೂ ಸೋಜಿಗದ ಸಂಗತಿಯನ್ನು ಸ್ಟೀನ್ ಮತ್ತು ಅವರ ಸಹೋದ್ಯೋಗಿಗಳು ನಾರ್ವೆಯಲ್ಲಿ ಕಂಡುಹಿಡಿದು 1996ರಲ್ಲಿ ಪ್ರಕಟಿಸಿದರು. ಹಕ್ಕಿಬೇಟೆಯ ನಾಯಿಯು ತಲೆಯೆತ್ತಿ ಓಡುತ್ತ ಗಾಳಿಯನ್ನು ಮೂಸುವಾಗ, ಉಸಿರಾಟವು ಬಾಯಿಯ ಮೂಲಕ ಒಳಹೊರಗೆ ನಡೆಯುತ್ತಿದ್ದರೂ, ಮೂಗಿನಲ್ಲಿ ಮಾತ್ರ ಗಾಳಿಯು 40 ಸೆಕೆಂಡುಗಳವರೆಗೂ ಎಡೆಬಿಡದೆ ಒಳಮುಖವಾಗಿಯೇ ಹರಿಯಬಲ್ಲದು! ಉಸಿರನ್ನು ಹೊರಬಿಡುವಾಗಲೂ ಮೂಗು ಒಳಕ್ಕೆಳೆಯುವುದು ಹೇಗೆ? ಪ್ರಯೋಗಶಾಲೆಯ ಬುನ್ಸೆನ್ ಜ್ವಾಲಕವನ್ನು ನೆನೆಯಿರಿ. ರಭಸದಿಂದ ಚಿಮ್ಮುವ ಅನಿಲದ ಬಳಿ ಒತ್ತಡವು ತಗ್ಗಿ, ಪಕ್ಕದ ರಂಧ್ರದಿಂದ ಗಾಳಿಯು ತಾನಾಗಿ ಒಳಸೇರುತ್ತದಷ್ಟೆ. ಅಂತೆಯೇ ಬಾಯಿಯಲ್ಲಿ ವೇಗವಾಗಿ ಹೊರಟ ಉಸಿರು ಅಲ್ಲಿನ ಒತ್ತಡವನ್ನು ತಗ್ಗಿಸಿ, ಮೂಗಿನಿಂದ ಗಾಳಿಯನ್ನು ಎಳೆಯುತ್ತದೆಂಬುದು ಅವರ ವಿವರಣೆ. ನೀವು ಪುಸ್ತಕದಲ್ಲಿ ಓದುವ ಬರ್ನೂಲಿ ತತ್ತ್ವವು ನಾಯಿಯ ಮೂತಿಯಲ್ಲಿದೆ.

ಹೆಜ್ಜೆಯ ದಿಕ್ಕು

ಉಳಿದುದು ಮೂರನೆಯ ಮಾತು. ಅಡ್ಡದಾರಿಯಿಂದ ಬಂದ ನಾಯಿಗೆ ಜಾಡು ಸಿಕ್ಕಿತೆನ್ನಿ. ಪ್ರಾಣಿಯು ಎಡಕ್ಕೆ ಹೋಯಿತೋ, ಬಲಕ್ಕೆ ಹೋಯಿತೋ? 1993ರಲ್ಲಿ ನಾರ್ವೆಯ ಥೇಸನ್, ಸ್ಟೀನ್ ಮತ್ತು ಡೋವಿಂಗ್ ಎಂಬವರು ನಾಲ್ಕು ಜರ್ಮನ್ ಷೆಪರ್ಡ್ ನಾಯಿಗಳ ತಲೆಗೆ ಧ್ವನಿಗ್ರಾಹಕಗಳನ್ನು ಕಟ್ಟಿ, ಮೂಸುವ ಸದ್ದನ್ನು ಆಲಿಸುತ್ತ ಇದನ್ನು ಪರೀಕ್ಷಿಸಿದರು. ಹುಲ್ಲಿನ ಮೇಲೆ ಮನುಷ್ಯನು ನಡೆದುಹೋಗಿ 20 ನಿಮಿಷಗಳಾಗಿದ್ದರೂ, ನಾಯಿಗಳು ಎರಡರಿಂದ ಐದು ಹೆಜ್ಜೆಗುರುತುಗಳನ್ನು ಮೂಸಿ, ಕೆಲವೇ ಸೆಕೆಂಡುಗಳಲ್ಲಿ ದಿಕ್ಕನ್ನು ನಿರ್ಣಯಿಸಿದವು.

ಈಗ ಲೆಕ್ಕ ಹಾಕಿರಿ. 20 ನಿಮಿಷವೆಂದರೆ 1200 ಸೆಕೆಂಡು. ಒಂದು ಹೆಜ್ಜೆಗೆ ಒಂದು ಸೆಕೆಂಡಿನಂತೆ ಐದು ಹೆಜ್ಜೆಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ವಯಸ್ಸಿನ ಅಂತರ 4 ಸೆಕೆಂಡು. ಎಂದರೆ 300ರಲ್ಲಿ ಒಂದು ಪಾಲು. ಹೊಸ ಹೆಜ್ಜೆಯ ವಾಸನೆಗೂ ಹಳೆಯದಕ್ಕೂ ಇರುವ ಇಷ್ಟು ಸೂಕ್ಷ್ಮವಾದ ಭೇದವನ್ನು ಮೂಗು ತೂಗಿ ಹೇಳುತ್ತದೆ. ನಮ್ಮ ಪ್ರಯೋಗಶಾಲೆಯಲ್ಲಿ ಸಾಮಾನ್ಯ ಉಪಕರಣಗಳಿಂದ ಇಷ್ಟು ನಿಖರವಾದ ಅಳತೆಯನ್ನು ತೆಗೆಯುವುದೇ ಕಷ್ಟ. ಅಜ್ಜನವರ ಮೂರನೆಯ ಮಾತೂ ನಿಂತಿತು.

ಬಿಲದೊಳಗಿನ ಬೇಟೆಗಾರ

ಯುರೋಪಿನಲ್ಲಿ ನಾಯಿಗೆ ಒಬ್ಬ ಪುಟ್ಟ ಜೊತೆಗಾರನಿದ್ದಾನೆ. ಅವನೇ ಫೆರೆಟ್. ಇದು ನಮ್ಮ ಮುಂಗುಸಿಯನ್ನು ನೆನಪಿಗೆ ತರುವ, ಆದರೆ ಬೇರೆ ಕುಟುಂಬಕ್ಕೆ ಸೇರಿದ, ಪಳಗಿಸಿದ ಪ್ರಾಣಿ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ, ಮೊಲಗಳ ಬಿಲಕ್ಕೆ ಇಂತಹ ಪ್ರಾಣಿಯನ್ನು ನುಗ್ಗಿಸುತ್ತಿದ್ದುದನ್ನು ಸ್ಟ್ರಾಬೋ ಎಂಬ ಭೂಗೋಳಕಾರನು ಬರೆದಿದ್ದಾನೆ. ಯಾವ ಬಿಲದಲ್ಲಿ ಮೊಲವಿದೆಯೆಂದು ನಾಯಿ ಮೂಸಿ ತೋರಿಸುತ್ತದೆ. ಬಿಲದ ಬಾಯಿಗಳಿಗೆಲ್ಲ ಬಲೆಯ ಚೀಲಗಳನ್ನು ಹರಡಿ, ಫೆರೆಟ್ಟನ್ನು ಒಳಗೆ ಬಿಡುತ್ತಾರೆ. ಬೆದರಿ ಹೊರಚಿಮ್ಮಿದ ಮೊಲವು ಬಲೆಗೆ ಬೀಳುತ್ತದೆ.

ಈ ಕೆಲಸಕ್ಕೆ ಮೈ ನೀಳವಾಗಿರಬೇಕು. ಆದರೆ ಅದಕ್ಕೆ ತೆರಿಗೆಯುಂಟು. ಒಂದು ಕಿಲೋಗ್ರಾಂ ತೂಕದ ಪ್ರಾಣಿಯ ಗಾತ್ರವು ಸುಮಾರು 1000 ಘನ ಸೆಂ.ಮೀ. ಎನ್ನೋಣ. ಅದು ಗೋಲಾಕಾರವಾಗಿದ್ದರೆ ಮೈಯ ಹೊರಮೈ ಸುಮಾರು 484 ಚದರ ಸೆಂ.ಮೀ. ಆಗುತ್ತದೆ. 40 ಸೆಂ.ಮೀ. ಉದ್ದದ ಉರುಳೆಯಾಗಿದ್ದರೆ ಸುಮಾರು 760. ಶಾಖವು ಹೊರಮೈಯಿಂದಲೇ ಸೋರುವುದರಿಂದ, ನೀಳ ಮೈಯ ಪ್ರಾಣಿಯು ಹೆಚ್ಚು ಶಾಖವನ್ನು ಕಳೆದುಕೊಳ್ಳುತ್ತದೆ. ತೂಕಕ್ಕೆ ಮೀರಿ ತಿನ್ನಲೇಬೇಕಾಗುತ್ತದೆ.

ಭೌತವಿಜ್ಞಾನಿಗಳೂ ಈ ಪ್ರಾಣಿಗೆ ಋಣಿಗಳು. 1971ರಲ್ಲಿ ಅಮೆರಿಕದ ಬಟೇವಿಯಾದ ವೇಗವರ್ಧಕ ಪ್ರಯೋಗಾಲಯದಲ್ಲಿ (ಇಂದಿನ ಫರ್ಮಿಲ್ಯಾಬ್) ‘ಫೆಲಿಸಿಯಾ’ ಎಂಬ ಫೆರೆಟ್ಟು ಉದ್ದುದ್ದ ಕೊಳವೆಗಳೊಳಗೆ ದಾರವನ್ನೆಳೆದುಕೊಂಡು ಸಾಗುತ್ತಿತ್ತು. ಆ ದಾರಕ್ಕೆ ಒರಸುವ ಬಟ್ಟೆಯನ್ನು ಕಟ್ಟಿ ಕೊಳವೆಯನ್ನು ಚೊಕ್ಕಟಗೊಳಿಸುತ್ತಿದ್ದರು.

ಹಾಗಾದರೆ ಫೆರೆಟ್ಟನ್ನು ಮಲೆನಾಡಿಗೆ ತಂದರೆ? ಪ್ರಯೋಜನವಿಲ್ಲ. ಯುರೋಪಿನ ಬಿಲಮೊಲ ಬೇರೆ, ನಮ್ಮ ಕಾಡುಮೊಲ ಬೇರೆ. ಮೊದಲನೆಯದರ ಮರಿಗಳು ಬಿಲದೊಳಗೆ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ನಮ್ಮ ಮೊಲವು ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ತಗ್ಗು ಮಾಡಿಕೊಂಡು ಮಲಗುತ್ತದೆ. ಅದರ ಮರಿ ಹುಟ್ಟುವಾಗಲೇ ಕೂದಲು ತೊಟ್ಟು, ಕಣ್ಣು ತೆರೆದಿರುತ್ತದೆ. ಇನ್ನು ಹೊರನಾಡಿನ ಬೇಟೆಗಾರ ಪ್ರಾಣಿಯನ್ನು ತಂದು ಬಿಡುವುದರ ಅಪಾಯವನ್ನು ನ್ಯೂಜಿಲೆಂಡ್ ಬಲ್ಲದು. 1880ರ ದಶಕದಲ್ಲಿ ಮೊಲಗಳನ್ನಡಗಿಸಲು ಅಲ್ಲಿ ಬಿಟ್ಟ ಫೆರೆಟ್ ಮತ್ತು ಅದರ ಬಂಧುಗಳು, ಹಾರಲಾರದ ನೆಲಹಕ್ಕಿಗಳಿಗೆ ಮೃತ್ಯುವಾದವು.

ಇಂದಿನ ಬೇಟೆನಾಯಿ

ಪಾಠ ಮುಗಿದಾಗ ಆ ವಿದ್ಯಾರ್ಥಿಯು ಮತ್ತೊಂದು ಮಾತನ್ನು ಕೇಳಿದನು. ಮನೆಯಲ್ಲಿ ಚುರುಕಾದ ನಾಯಿಯಿದೆ. ಕೋವಿಯಿಲ್ಲದೆ, ನಾಯಿಯಿಂದ ಮೊಲವನ್ನು ಅಟ್ಟಿಸಿದರೆ ತಪ್ಪೇನು? ತಪ್ಪಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೊಲ್ಲುವುದನ್ನಷ್ಟೇ ಅಲ್ಲ, ಹಿಡಿಯುವುದು, ಅಟ್ಟುವುದು, ಉರುಳೊಡ್ಡುವುದು, ಇವುಗಳ ಪ್ರಯತ್ನ ಎಲ್ಲವನ್ನೂ ಬೇಟೆಯೆಂದೇ ಎಣಿಸುತ್ತದೆ. 1991ರ ತಿದ್ದುಪಡಿಯೊಡನೆ ಬೇಟೆಯ ಪರವಾನಗಿಯ ಪದ್ಧತಿಯೂ ಕೊನೆಗಂಡಿತು. ಶಿವಮೊಗ್ಗೆಯ ಮಗ್ಗುಲಲ್ಲೇ ಶೆಟ್ಟಿಹಳ್ಳಿ ಅಭಯಾರಣ್ಯ, ಭದ್ರಾವತಿಯ ಆಚೆಗೆ ಭದ್ರಾ ಅಭಯಾರಣ್ಯ ಇವೆ. ಅಲ್ಲಿಯ ಮೊಲವೂ ಕಾಡುಕೋಳಿಯೂ ನಮ್ಮ ಬಲಕ್ಕೆ ಎದುರಾಳಿಗಳಲ್ಲ, ನಮ್ಮ ಹೊಣೆ.

ಹಾಗೆಂದು ನಾಯಿಯ ವಿದ್ಯೆ ವ್ಯರ್ಥವಾಗಿಲ್ಲ. ಅದು ಯಜಮಾನನನ್ನು ಬದಲಾಯಿಸಿದೆಯಷ್ಟೆ. 2019ರ ಜುಲೈ ತಿಂಗಳಲ್ಲಿ ನೆರೆಯ ದಾವಣಗೆರೆ ಜಿಲ್ಲೆಯ ಪೊಲೀಸ್ ದಳದ ‘ತುಂಗಾ’ ಎಂಬ ಡಾಬರ್‌ಮನ್ ನಾಯಿಯು ಕೊಲೆಯೊಂದರ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಸಾಗಿ ಆರೋಪಿಯ ಪತ್ತೆಗೆ ನೆರವಾಯಿತು. ಬಂಡೀಪುರದಲ್ಲಿ ‘ರಾಣಾ’ ಎಂಬ ಜರ್ಮನ್ ಷೆಪರ್ಡ್ ಅರಣ್ಯ ಇಲಾಖೆಯ ಸೇವೆಯಲ್ಲಿದ್ದು, ಕಳ್ಳಬೇಟೆಯವರ ಜಾಡನ್ನೇ ಹಿಡಿಯಿತು. ಒಂದು ಕಾಲಕ್ಕೆ ಕಾಡಿನ ಪ್ರಾಣಿಗೆ ಭಯವಾಗಿದ್ದ ಮೂಗು ಈಗ ಅದಕ್ಕೆ ಕಾವಲಾಗಿದೆ.

ನೀವೇ ಮಾಡಿ ನೋಡಿರಿ

ಮೊಲದ ಹಂಗಿಲ್ಲದೆ ಇದೆಲ್ಲವನ್ನೂ ನೀವು ಪರೀಕ್ಷಿಸಬಹುದು. ಒಣಮೀನಿನ ತುಂಡನ್ನೋ, ನಾಯಿಗೆ ಪ್ರಿಯವಾದ ಬೇರೆ ತಿನಿಸನ್ನೋ ಬಟ್ಟೆಯಲ್ಲಿ ಕಟ್ಟಿ, ಹಗ್ಗದಿಂದ ಹುಲ್ಲಿನ ಮೇಲೆ ಐವತ್ತು ಮೀಟರ್ ಎಳೆದು, ಕೊನೆಯಲ್ಲಿ ಬಚ್ಚಿಡಿರಿ. ಊದುಬತ್ತಿಯ ಹೊಗೆಯಿಂದ ಗಾಳಿಯ ದಿಕ್ಕನ್ನು ತಿಳಿದು ಬರೆದುಕೊಳ್ಳಿರಿ. ಮನೆಯ ನಾಯಿಯನ್ನು ಒಮ್ಮೆ ಇಬ್ಬನಿಯ ಹೊತ್ತಿನಲ್ಲಿ, ಒಮ್ಮೆ ಬಿಸಿಲೇರಿದ ಮೇಲೆ ಬಿಟ್ಟು, ಹುಡುಕಲು ಹಿಡಿದ ಕಾಲವನ್ನು ಗಡಿಯಾರದಿಂದ ಅಳೆಯಿರಿ. ಪ್ರತಿಸಾರಿಯೂ ಜಾಗವನ್ನು ಬದಲಾಯಿಸಿರಿ. ಇಲ್ಲವಾದರೆ ನಾಯಿಯು ಮೂಗಿನ ಬದಲು ನೆನಪನ್ನು ಬಳಸುತ್ತದೆ. ಬಿಸಿಲಿನಲ್ಲಿ ನಾಯಿಯನ್ನು ಬಳಲಿಸದೆ, ಕುಡಿಯಲು ನೀರಿಡಿರಿ. ಹತ್ತಾರು ಸಲ ಮಾಡಿ ಸರಾಸರಿಯನ್ನು ತೆಗೆದರೆ, ಅಜ್ಜನವರ ಮಾತು ನಿಮ್ಮ ಪುಸ್ತಕದಲ್ಲಿ ಅಂಕಿಗಳಾಗಿ ಮೂಡುತ್ತದೆ.

ಹಿರಿಯರ ಮಾತನ್ನು ಕಣ್ಣುಮುಚ್ಚಿ ನಂಬುವುದೂ ವಿಜ್ಞಾನವಲ್ಲ, ಕೇಳದೆ ತಳ್ಳಿಹಾಕುವುದೂ ವಿಜ್ಞಾನವಲ್ಲ. ಆ ವಿದ್ಯಾರ್ಥಿಯು ಮಾಡಿದಂತೆ, ಅದನ್ನು ಪ್ರಶ್ನೆಯಾಗಿ ಎತ್ತಿ ತರಗತಿಗೆ ತರುವುದೇ ವಿಜ್ಞಾನದ ಮೊದಲ ಹೆಜ್ಜೆ.