80 ದಾಟಿದರೆ ಸ್ಟೀರಿಂಗ್ ನಡುಗುತ್ತದೆ, ಏನು ಮಾಡಲಿ?

80ಕ್ಕೆ ನಡುಕ ಶುರು, 100 ದಾಟಿದರೆ ಕಡಿಮೆ ಎಂದಿದ್ದೀರಿ. ಅರ್ಧ ಉತ್ತರ ಅದರಲ್ಲೇ ಇದೆ. ಹೆಚ್ಚಾಗಿ ಇದು ಚಕ್ರದ ಬ್ಯಾಲೆನ್ಸಿಂಗ್ ತಪ್ಪಿದ ಲಕ್ಷಣ. ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು ಎಂದು ಸದ್ಯಕ್ಕೆ ಅಂದಾಜು ಮಾಡಬಹುದು. ನೀವು ಎರಡು ಸಲ ಮಾಡಿಸಿದ್ದು ಅಲೈನ್‌ಮೆಂಟ್. ಅದರಿಂದ ಗಾಡಿ ಒಂದು ಕಡೆಗೆ ಎಳೆಯುವುದು ನಿಂತೀತು, ಇಂಥ ನಡುಕ ನಿಲ್ಲದು. ದುಡ್ಡು ದಂಡ, ಅಷ್ಟೇ.

ಟೈರ್ ಅಂಗಡಿಗೆ ಹೋಗುವ ಮುನ್ನ ಬಗ್ಗಿ ರಿಮ್ಮಿನ ಒಳಮೈ ನೋಡಿ. ಮಳೆಗಾಲದ ಕೆಸರು ಅಲ್ಲಿ ಒಣಗಿ ಗಟ್ಟಿಯಾಗಿ ಕೂತಿರುತ್ತದೆ. ಬ್ಯಾಲೆನ್ಸಿಂಗ್‌ಗೆಂದು ರಿಮ್ಮಿಗೆ ಹಾಕಿದ ಕೆಲವೇ ಗ್ರಾಂ ತೂಕದ ಬಿಲ್ಲೆ ಉದುರಿದರೂ ನಡುಗುವ ಚಕ್ರಕ್ಕೆ ಒಂದು ಹಿಡಿ ಮಣ್ಣು ಸಾಲದೇ? ತೊಳೆದು ಓಡಿಸಿ ನೋಡಿ. ಹಾಗೆಯೇ ಟೈರಿನ ಎರಡೂ ಪಕ್ಕಗಳ ಮೇಲೆ ಕೈಯಾಡಿಸಿ. ಗುಂಡಿಗೆ ಬಿದ್ದು ಎಲ್ಲಾದರೂ ಉಬ್ಬಿದ್ದರೆ ಬ್ಯಾಲೆನ್ಸಿಂಗ್ ಮಾತೇ ಬೇಡ, ಟೈರು ಬದಲಿಸಿ. ಅಲ್ಲಿಯವರೆಗೆ ಹೆದ್ದಾರಿ ಹತ್ತಬೇಡಿ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದ್ದರೆ ಡಿಸ್ಕ್ ನೋಡಿ ಎನ್ನುತ್ತಿದ್ದೆ. ಆಕ್ಸಿಲರೇಟರ್ ತುಳಿದಾಗ ಮಾತ್ರವಾದರೆ ಡ್ರೈವ್ ಶಾಫ್ಟ್. ನಿಂತಲ್ಲೇ ಆದರೆ ಇಂಜಿನ್ ಮೌಂಟಿಂಗ್. ನಿಮ್ಮ ವಿವರ ಇವ್ಯಾವುದಕ್ಕೂ ಹೊಂದುವುದಿಲ್ಲ.

ತೊಳೆದರೂ ನಡುಕ ನಿಲ್ಲದಿದ್ದರೆ ಬ್ಯಾಲೆನ್ಸಿಂಗ್ ಮಾಡಿಸಿ. ಅದಾದ ಮೇಲೂ ಉಳಿದರೆ ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿ. ನಡುಕ ಸ್ಟೀರಿಂಗ್ ಬಿಟ್ಟು ಸೀಟಿಗೆ ಬಂದರೆ ದೋಷ ಟೈರಿನಲ್ಲೋ ರಿಮ್ಮಿನಲ್ಲೋ ಇದೆ. ಜಾಗ ಬದಲಾಗದಿದ್ದರೆ ಟೈ ರಾಡ್, ಬಾಲ್ ಜಾಯಿಂಟ್, ವೀಲ್ ಬೇರಿಂಗ್ ಪರೀಕ್ಷೆ ಆಗಲಿ. ಚಕ್ರ ಕಳಚಿ ಹಾಕಿದ ಮೇಲೆ ಸುಮಾರು 100 ಕಿ.ಮೀ. ಓಡಿಸಿ, ನಟ್‌ಗಳ ಬಿಗಿಯನ್ನು ಇನ್ನೊಮ್ಮೆ ನೋಡಿಸಿ.