ಇಂದಿನ ಧಮ್ಮ ಚಿಂತನೆ: ಬೋರ್ಡು ಮುಗಿದ ಮೇಲೆ



ಜನವರಿಯಲ್ಲಿ ನಮ್ಮ ನಾಯಿ ಕೆಂಪನ ಜೊತೆ ಹೊನ್ನಾವರದ ಕಡೆ ಒಂದು ಕಡಲತೀರದ ಉದ್ಯಾನಕ್ಕೆ ಹೋಗಿದ್ದೆ. "ನಾಯಿಗಳಿಗೆ ಪ್ರವೇಶವಿಲ್ಲ" ಎಂಬ ಬೋರ್ಡು ನೋಡಿ ಮೈ ಉರಿಯಿತು. ನಮ್ಮ ಹಿರಿಯರು ಎಷ್ಟು ಬಾಗಿಲುಗಳಲ್ಲಿ ಕೇಳಿದ ಮಾತದು!

ಕಾವಲುಗಾರ ಮೆಲ್ಲಗೆ ಹೇಳಿದರು: "ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಈ ಮರಳಲ್ಲಿ ಮೊಟ್ಟೆ ಇಡ್ತಾವೆ ಸರ್. ಒಂದೊಂದು ಗೂಡಲ್ಲಿ ನೂರರಷ್ಟು. ಮರಿಯಾಗೋಕೆ 45ರಿಂದ 60 ದಿನ ಬೇಕು. ನಾಯಿಗಳು ಅಗೆದು ತಿಂದುಬಿಡ್ತಾವೆ."

ನನ್ನ ಕೋಪ ಇಳಿಯಿತು. ಆ ಬಾಗಿಲು ಮನುಷ್ಯರನ್ನು ಅವಮಾನಿಸಲು ಮುಚ್ಚಿತ್ತು. ಈ ಬಾಗಿಲು ಜೀವ ಉಳಿಸಲು ಮುಚ್ಚಿದೆ. ಎರಡೂ ಒಂದೇ ಅಲ್ಲ.

ಉದ್ಯಾನದ ಆಚೆಗೆ ಬಯಲು ತೀರ. ಬೋರ್ಡಿಲ್ಲ, ಕಾವಲಿಲ್ಲ. ಕೆಂಪ ಹಗ್ಗ ಜಗ್ಗಿದ. ಬಿಟ್ಟರೆ ಕೇಳುವವರಿಲ್ಲ. ಆದರೆ ಆಮೆಗೆ ಬೋರ್ಡಿನ ಗಡಿ ಗೊತ್ತೇ? ನಾನು ಹಗ್ಗ ಬಿಡಲಿಲ್ಲ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಅಹಿಂಸೆಯನ್ನು ನಿಯಮವೆನ್ನದೆ ತತ್ವವೆಂದು ವಿವರಿಸುತ್ತಾರೆ. ನಿಯಮ ಬೋರ್ಡಿನ ಬಳಿಯೇ ನಿಲ್ಲುತ್ತದೆ. ತತ್ವ ನಮ್ಮ ಜೊತೆ ನಡೆದು ಬರುತ್ತದೆ.

ಇಂದಿನ ಅಭ್ಯಾಸ: ಯಾರೂ ನೋಡದ ಕಡೆ ನನ್ನ ಕೈಯ ಹಗ್ಗ ಸಡಿಲವಾಗುತ್ತದೆಯೇ? ನೋಡಿಕೊಳ್ಳೋಣ.

ಸಕಲ ಜೀವಿಗಳಿಗೂ ಮಂಗಳವಾಗಲಿ. ಜೈ ಭೀಮ್.